ಅಕ್ಕಾರಿಗೆ ಬಂದ ಪಾರ್ಸಲ್‌ಗಳು

ಹೋದ ತಿಂಗಳು ರೋಣದ ಬಸ್ ನಿಲ್ದಾಣದ ಹಿಂದಿನ ಓಣಿಯ ಖಾನಾವಳಿ ಮುಚ್ಚಿತು. ನಡೆಸುತ್ತಿದ್ದವರಿಗೆ ಮೊಣಕಾಲು ನೋವು. ಒಲೆಯ ಮುಂದೆ ಕೂತು ಏಳುವುದು ಆಗದಾಯಿತು. ನರಗುಂದದ ತಂಗಿಯ ಮನೆಗೆ ಹೋಗಿ ಇರುತ್ತೇನೆಂದು ಹೊರಟರು. ಕೊನೆಯ ದಿನ ಅಲ್ಲಿ ಉಣ್ಣುತ್ತಿದ್ದವರೆಲ್ಲ ಸೇರಿ ಅವರಿಗೆ ಶಾಲು ಹೊದಿಸಿ ನಾಲ್ಕು ನಾಲ್ಕು ಮಾತಾಡಿದರು. ಎದುರಿಗೇ ನನ್ನ ಕೊರಿಯರ್ ಅಂಗಡಿ. ಒಬ್ಬರು ಬಂದು, "ನೀವೂ ಒಂಬತ್ತು ವರ್ಷ ಉಂಡೀರಿ. ಬರ್ರಿ, ಎರಡು ಮಾತಾಡ್ರಿ" ಎಂದು ಕರೆದರು. ಗದಗಿನಿಂದ ಪಾರ್ಸಲ್ ಗಾಡಿ ಬರುವ ಹೊತ್ತಾಯಿತು ಎಂದು ಸುಳ್ಳು ಹೇಳಿ ಕೂತಲ್ಲೇ ಕೂತೆ. ನನ್ನಲ್ಲಿದ್ದ ಮಾತು ಶಾಲು ಹೊದಿಸುವ ಸಭೆಯಲ್ಲಿ ಆಡುವಂಥದ್ದಾಗಿರಲಿಲ್ಲ.

ಊರೆಲ್ಲ ಅವರನ್ನು ಅಕ್ಕಾರು ಎಂದೇ ಕರೆಯುತ್ತಿತ್ತು. ತವರು ಗಜೇಂದ್ರಗಡ. ಗಂಡ ತೀರಿದ ಮೇಲೆ ಮನೆಯ ಮುಂದಿನ ಪಡಸಾಲೆಯಲ್ಲೇ ನಾಲ್ಕು ಮಣೆ ಹಾಕಿ ಖಾನಾವಳಿ ಸುರು ಮಾಡಿದವರು, ಇಪ್ಪತ್ತು ವರ್ಷ ಒಲೆ ಆರಿಸಲಿಲ್ಲ. ಎತ್ತರದ ಆಳು, ಅಗಲ ಅಂಗೈ. ಅವರು ರೊಟ್ಟಿ ಬಡಿಯುವ ಸದ್ದು ನನ್ನ ಅಂಗಡಿಯವರೆಗೂ ಕೇಳುತ್ತಿತ್ತು. ಆ ಸದ್ದು ನಿಂತು ಹಂಚಿನ ಮೇಲೆ ನೀರು ಸವರಿದ ಚುರ್ ಎಂಬ ದನಿ ಬಂದರೆ ನನಗೆ ಹಸಿವಾಗುತ್ತಿತ್ತು. ಗಡಿಯಾರ ನೋಡುವ ಕೆಲಸವೇ ಇರಲಿಲ್ಲ.

ಉಣ್ಣುವವರ ಮುಖವನ್ನು ಅವರು ನೋಡುತ್ತಿರಲಿಲ್ಲ. ನೋಡುತ್ತಿದ್ದದ್ದು ತಾಟನ್ನು. ಯಾರ ಹೆಸರೂ ಅವರಿಗೆ ನೆನಪಿರುತ್ತಿರಲಿಲ್ಲ, ಊಟ ನೆನಪಿರುತ್ತಿತ್ತು. ಎಣಗಾಯಿ ಮುಟ್ಟದವರು, ಮಜ್ಜಿಗೆಗೆ ಉಪ್ಪು ಬೇಡದವರು, ಶೇಂಗಾ ಹಿಂಡಿ ಎರಡು ಸಲ ಕೇಳುವವರು. ನಾನು ಬೆಳವಣಿಕಿಯಿಂದ ದಿನಾ ಬಂದು ಹೋಗುವವನು. ಅವರ ಲೆಕ್ಕದಲ್ಲಿ ನಾನು 'ಮೂರು ರೊಟ್ಟಿ, ಪುಂಡಿಪಲ್ಲೆ' ಅಷ್ಟೇ.

ಸ್ವಚ್ಛತೆಯ ವಿಷಯದಲ್ಲಿ ಅವರಿಗೆ ದಯೆಯೇ ಇರಲಿಲ್ಲ. ಕೈ ತೊಳೆಯದೆ ಮಣೆಯ ಮೇಲೆ ಕೂತವರನ್ನು, ಅವರು ಎಂಥ ಸಾಹೇಬರೇ ಆಗಲಿ, ಎಬ್ಬಿಸಿ ನಲ್ಲಿಯ ಕಡೆ ಅಟ್ಟುತ್ತಿದ್ದರು. ಒಮ್ಮೆ ಮಜ್ಜಿಗೆಯ ಗಡಿಗೆಯಲ್ಲಿ ಒಂದು ನೊಣ ಬಿತ್ತು. ಕೆಲಸದ ಹೆಣ್ಣುಮಗಳು ಚಮಚದಿಂದ ತೆಗೆಯಲು ಹೋದಳು. ಅಕ್ಕಾರು ಗಡಿಗೆಯನ್ನೇ ಎತ್ತಿ ಬಚ್ಚಲಿಗೆ ಸುರಿದು, "ಇವತ್ತು ಮಜ್ಜಿಗಿ ಇಲ್ಲ" ಎಂದರು. ನೊಣ ಬಿದ್ದದ್ದನ್ನು ಉಣ್ಣಲು ಕೂತ ನಾವಾರೂ ನೋಡಿರಲಿಲ್ಲ, ಆಮೇಲೆ ಕೆಲಸದವಳೇ ಹೇಳಿದಳು. ಬೇಕಿದ್ದರೆ ಬಡಿಸಿಬಿಡಬಹುದಿತ್ತು.

ಇಂಥವರ ಹೆಸರಿಗೆ ಎರಡು ವರ್ಷದ ಹಿಂದೆ, ಚಳಿಗಾಲದಲ್ಲಿ, ಒಂದು ಥರ್ಮಾಕೋಲ್ ಡಬ್ಬಿ ಬಂತು. ಮೇಲೆ 'ಗಾಜಿನ ಸಾಮಾನು' ಎಂದು ಬರೆದಿತ್ತು. ಹತ್ತು ಗಂಟೆಗೆ, ಒಲೆ ಉರಿಯುವ ಹೊತ್ತಿನಲ್ಲಿ, ಅಕ್ಕಾರು ಕೈಗೆ ಹಿಟ್ಟು ಮೆತ್ತಿಕೊಂಡೇ ಓಡಿ ಬಂದರು. ಆ ಹೊತ್ತಿನಲ್ಲಿ ಅವರನ್ನು ಖಾನಾವಳಿಯ ಹೊರಗೆ ನಾನು ಕಂಡದ್ದು ಅದೇ ಮೊದಲು.

"ಅಣ್ಣಾರ, ನನ್ನ ಡಬ್ಬಿ ಬಂತಂತಲ್ರಿ? ಬಿಸಲಾಗ ಇಟ್ಟಿದ್ದಿಲ್ಲ ಹೌದಲ್ಲ?"

"ಬಳಿ ತರಿಸೀರೇನ್ರಿ ಅಕ್ಕಾರ? ಗಾಜಿಗೆ ಬಿಸಲು ಏನ್ ಮಾಡತೈತ್ರಿ?"

ಅವರು ಡಬ್ಬಿಯನ್ನು ಎರಡೂ ಕೈಯಲ್ಲಿ ಅಲುಗದಂತೆ ಹಿಡಿದು ನಿಧಾನಕ್ಕೆ ರಸ್ತೆ ದಾಟಿದರು. ಎರಡು ತಿಂಗಳ ಮೇಲೆ ಇನ್ನೊಂದು ಬಂತು. ಅದನ್ನೂ ಹಾಗೇ ಒಯ್ದರು. ನನಗೂ ಹೆಚ್ಚು ಕೇಳುವ ಕುತೂಹಲವಿರಲಿಲ್ಲ.

ಮೂರನೆಯದು ಬಂದದ್ದು ಕಡು ಬೇಸಿಗೆಯಲ್ಲಿ. ನಡುವೆ ರಜೆ ಬಂದು ಗಾಡಿ ಎರಡು ದಿನ ತಡವಾಗಿತ್ತು. ಚೀಲದಿಂದ ತೆಗೆಯುವಾಗಲೇ ಡಬ್ಬಿಯಿಂದ ಒಂದು ವಾಸನೆ ಬರುತ್ತಿತ್ತು. ಅಕ್ಕಾರು ಬಂದವರು ಒಯ್ಯಲಿಲ್ಲ. ತಮ್ಮ ಮೊಬೈಲನ್ನು ನನ್ನ ಕೈಗೆ ಕೊಟ್ಟರು.

"ಸ್ವಲ್ಪ ಹಿಡೀರಿ ಅಣ್ಣಾರ. ಬಿಚ್ಚೂದು ಪೂರ್ತಿ ವಿಡಿಯೋ ಮಾಡಬೇಕಂತ. ನಡುವ ನಿಂತ್ರ, ಸತ್ತದ್ದಕ್ಕ ಬದಲಿ ಕಳಸೂದಿಲ್ಲಂತ."

"ಸತ್ತದ್ದಂದ್ರ ಏನ್ರಿ?"

"ನೀವು ಹಿಡೀರಿ ಮೊದಲ."

ಥರ್ಮಾಕೋಲಿನ ಒಳಗೆ ಹಳೆಯ ಪೇಪರು, ಅದರೊಳಗೆ ಒದ್ದೆ ಹತ್ತಿ, ಹತ್ತಿಯ ನಡುವೆ ಸೂಜಿಯಿಂದ ತೂತು ಹಾಕಿದ ಮೂರು ಪ್ಲಾಸ್ಟಿಕ್ ಡಬ್ಬಿ. ಮೊದಲನೆಯದರ ಮುಚ್ಚಳ ತೆಗೆದಾಗ ಒಳಗೆ ಕರಿ ಅರಿವೆಯ ಮುದ್ದೆ ಇದೆಯೆಂದುಕೊಂಡೆ. ಮುದ್ದೆ ಬಿಚ್ಚಿಕೊಂಡಿತು. ಎಂಟು ಕಾಲು. ಕಾಲಿನ ತುಂಬ ಕೂದಲು. ಜೇಡ, ಆದರೆ ನಾನು ಗೋಡೆಯ ಮೇಲೆ ಕಂಡ ಜೇಡವಲ್ಲ. ಪುಟ್ಟ ಮಗುವಿನ ಅಂಗೈಯಷ್ಟು ದೊಡ್ಡದು. ಒಂದೊಂದೇ ಕಾಲನ್ನು ಎತ್ತಿ, ಮುಂದಿದ್ದುದನ್ನು ತಡವಿ, ಮತ್ತೆ ಇಡುತ್ತಿತ್ತು. ಆ ನಿಧಾನವೇ ನನಗೆ ಹೇಸಿಗೆ ಹುಟ್ಟಿಸಿತು. ಇಲಿ ಹಲ್ಲಿಗಳಾದರೆ ಓಡುತ್ತವೆ, ಮನುಷ್ಯ ಹೆದರಿ ಮುಗಿಸುತ್ತಾನೆ. ಇದು ಓಡಲಿಲ್ಲ.

ಎರಡನೆಯ ಡಬ್ಬಿಯದು ಸತ್ತಿತ್ತು. ಎಂಟೂ ಕಾಲು ಒಳಕ್ಕೆ ಮಡಚಿ ಮುಷ್ಟಿ ಕಟ್ಟಿತ್ತು. ಹೊಟ್ಟೆ ಒಡೆದು ಹಳದಿ ರಸ ಹತ್ತಿಗೆ ಅಂಟಿತ್ತು. ವಾಸನೆ ಅದರದ್ದೇ. ಮೂರನೆಯದು ಬೆಳಕು ಬಿದ್ದೊಡನೆ ಮುಂಗಾಲೆತ್ತಿ, ಹಿಂಗಾಲಿನಿಂದ ತನ್ನ ಹಿಂಭಾಗವನ್ನು ಪರಪರ ಕೆರೆಯಿತು.

"ಹಿಂದ ಸರೀರಿ. ಕೂದಲಾ ಉದರಸತೈತಿ, ತುರಿಸತಾವು" ಎಂದರು ಅಕ್ಕಾರು.

ಹೇಳುವ ಹೊತ್ತಿಗೆ ತಡವಾಗಿತ್ತು. ನನ್ನ ಮುಂಗೈ ಚುರುಚುರು ಎನ್ನತೊಡಗಿತ್ತು. ಮೊಬೈಲನ್ನು ಮೇಜಿನ ಮೇಲೆ ಎಸೆದು ಅಂಗಡಿಯ ಹಿಂದಕ್ಕೆ ಹೋದೆ. ಬೆಳಗಿನ ಉಪ್ಪಿಟ್ಟೆಲ್ಲ ಹೊರಗೆ ಬಂತು.

ತಿರುಗಿ ಬಂದಾಗ ಅಕ್ಕಾರು ಸತ್ತದ್ದನ್ನು ಪೇಪರಿನಲ್ಲಿ ಸುತ್ತುತ್ತಿದ್ದರು. ಮಾರಿದವನಿಗೆ ಅಲ್ಲಿಂದಲೇ ಫೋನು ಹಚ್ಚಿದರು. ಯಾವುದೋ ದೂರದ ಊರಿನವನು, ಹಿಂದಿ ಮಾತಾಡುವವನು. "ವಿಡಿಯೋ ಕಳಿಸಿ ಮೇಡಂ, ಒಂದು ಹೋದರೆ ಇನ್ನೊಂದು ಕೊಡುತ್ತೇನೆ, ನನ್ನ ಹತ್ತಿರ ಬುಟ್ಟಿಗಟ್ಟಲೆ ಇವೆ" ಎಂದು ಅವನು ನಗುತ್ತ ಹೇಳಿದ್ದು ನನಗೂ ಕೇಳಿತು. ಅಕ್ಕಾರು ಫೋನು ಇಟ್ಟರು.

"ನಾಕ ದಿನ ಚೀಲದಾಗ ಬೆಂದು ಸತ್ತೈತಿ. ನಗತಾನ ಹೇಸಿ."

"ಜೀವಂತ ಪ್ರಾಣಿ ಹಿಂಗ ಕಳಸಾಕ ಬರೂದಿಲ್ರಿ ಅಕ್ಕಾರ. ಅದಕ್ಕ ಗಾಜಂತ ಸುಳ್ಳು ಬರೀತಾನ. ನನಗ ಮೊದಲ ಗೊತ್ತಾಗಿದ್ರ ಹಿಂದಕ್ಕ ಕಳಸತಿದ್ದೆ."

"ಇನ್ನ ತರಸೂದಿಲ್ಲ" ಎಂದರು. ಆ ಮಾತಿಗೆ ತಪ್ಪಲಿಲ್ಲ.

ಮರುದಿನ ಹನ್ನೆರಡೂವರೆಗೆ ರೊಟ್ಟಿಯ ಸದ್ದು ಕೇಳಿತು. ಹಸಿವಾಗಲಿಲ್ಲ. ಆ ಅಂಗೈ, ಆ ಹಿಟ್ಟು, ಹಿಟ್ಟಿನಲ್ಲಿ ಆ ಕೂದಲು ಎಂದೆಲ್ಲ ತಲೆಯಲ್ಲಿ ಬಂದು ಬಾಯಿಯಲ್ಲಿ ಹುಳಿನೀರು ಊರಿತು. ಮುಂಗೈ ತುರಿಕೆ ಎರಡು ದಿನ ಹೋಗಲಿಲ್ಲ. ಹೊಟ್ಟೆ ಸರಿ ಇಲ್ಲವೆಂದು ನೆಪ ಹೇಳಿ ಮನೆಯಿಂದ ಬುತ್ತಿ ತರತೊಡಗಿದೆ.

ಹತ್ತು ದಿನ ಕಳೆದ ಮೇಲೆ, ಮಧ್ಯಾಹ್ನದ ಊಟದ ಗದ್ದಲ ಮುಗಿದ ಹೊತ್ತಿನಲ್ಲಿ ಅಕ್ಕಾರು ಅಂಗಡಿಗೆ ಬಂದರು.

"ಮೂರು ರೊಟ್ಟಿ ದಿನಾ ಉಳ್ಯಾಕತ್ತಾವ್ರಿ. ಹುಳದ ಸಲುವಾಗಿ ಹೌದಲ್ಲ? ಬರ್ರಿ ಇಲ್ಲಿ. ನೋಡಿದ್ರ ನಿಮ್ಮ ಮನಸಿಗೆ ಹಗರ ಆಗತೈತಿ."

ಅವರ ಹಿಂದೆ ನಡೆದೆ. ಹಿಂದಿನ ಹಿತ್ತಲು ದಾಟಿದರೆ ಒಂದು ಒಂಟಿ ಕೋಣೆ, ಅದಕ್ಕೆ ಬೇರೆ ಬೀಗ. ಬಾಗಿಲ ಹೊರಗೆ ಗೂಟಕ್ಕೆ ಒಂದು ಹಳೆ ಸೀರೆ. ಇಲ್ಲಿಗೆ ಬರುವಾಗ ಅದನ್ನು ಉಟ್ಟು, ಹೋಗುವಾಗ ತಲೆಯ ಮೇಲೆ ನೀರು ಹಾಕಿಕೊಂಡು ಸೀರೆ ಬದಲಿಸಿಯೇ ಒಲೆಯ ಹತ್ತಿರ ಹೋಗುವುದಂತೆ. ಒಳಗೆ ಹಲಗೆಯ ಮೇಲೆ ಐದು ಪಾರದರ್ಶಕ ಡಬ್ಬಿ. ಒಂದೊಂದರಲ್ಲೂ ತೆಂಗಿನ ನಾರಿನ ಪುಡಿ, ನೀರಿನ ಪುಟ್ಟ ಮುಚ್ಚಳ. ಹುಳವನ್ನು ಕೈಯಿಂದ ಮುಟ್ಟುವುದೇ ಇಲ್ಲ, ಉದ್ದನೆಯ ಚಿಮಟಿಗೆ ಇದೆ ಎಂದು ತೋರಿಸಿದರು. ಒಂದು ಬಾಟಲಿಯಲ್ಲಿ ಜಕ್ಕಲಿ ರಸ್ತೆಯ ಹೊಲದಿಂದ ಹಿಡಿದು ತಂದ ಮಿಡತೆಗಳು ಟಪ್ ಟಪ್ ಎಂದು ಗಾಜಿಗೆ ಬಡಿದುಕೊಳ್ಳುತ್ತಿದ್ದವು.

ಮನಸ್ಸು ಹಗುರಾಗಲಿಲ್ಲ. ತುದಿಯ ಡಬ್ಬಿಯಲ್ಲಿ ಒಂದು ಹುಳ ಅಂಗಾತ ಬಿದ್ದಿತ್ತು.

"ಇದೂ ಸತ್ತೈತ್ರಿ" ಎಂದೆ. ನಿಜ ಹೇಳಬೇಕೆಂದರೆ ಸಮಾಧಾನದಿಂದಲೇ ಎಂದೆ.

"ಸುಮ್ನಿರ್ರಿ. ಪೊರಿ ಬಿಡಾಕತೈತಿ. ಮುಂಜಾನಿಂದ ಕಾಯಾಕತ್ತೀನಿ."

ಎದೆಯ ಭಾಗ ಮುಚ್ಚಳದಂತೆ ಬಿಚ್ಚಿಕೊಂಡಿತ್ತು. ಒಳಗಿನಿಂದ ಬಿಳಿಚಿದ, ಒದ್ದೆಯಾದ ಇನ್ನೊಂದು ಜೇಡ ತನ್ನ ಕಾಲುಗಳನ್ನು ಹಳೆಯ ಕಾಲುಗಳಿಂದ ಇಷ್ಟಿಷ್ಟೇ ಎಳೆದುಕೊಳ್ಳುತ್ತಿತ್ತು. ನಾನು ಗೋಡೆಯ ಕಡೆ ಮುಖ ಮಾಡಿ ನಿಂತೆ. ಅಕ್ಕಾರು ಸ್ಟೂಲಿನ ಮೇಲೆ ಕೂತು, ಎರಡೂ ಕೈ ಮಡಿಲಲ್ಲಿಟ್ಟು, ಕಣ್ಣು ಕೀಳದೆ ನೋಡುತ್ತಿದ್ದರು. ಅವರು ಬರಿದೆ ಕೂತದ್ದನ್ನು, ಕೈ ಸುಮ್ಮನಿದ್ದದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ.

"ಯಾಕ್ ಬೇಕಾಗಿತ್ರಿ ನಿಮಗ ಇದು? ನಾಯಿಲ್ಲ, ಬೆಕ್ಕಿಲ್ಲೇನು?" ಎಂದು ಗೋಡೆಗೇ ಕೇಳಿದೆ.

"ನಾಯಿ ಬೆಕ್ಕು ಬಂದು ತಾಟು ನೋಡತಾವ್ರಿ" ಎಂದರು. "ಇಪ್ಪತ್ತು ವರ್ಷಾತು. ನನ್ನ ಮಾರಿ ನೋಡಿದವರೆಲ್ಲಾ ಉಣ್ಣಾಕ ಕೇಳ್ಯಾರ. ತಂಗಿ ಬಂದ್ರೂ ಅಷ್ಟ, ಬೀಗರು ಬಂದ್ರೂ ಅಷ್ಟ. ಒಂದಿನ ಮೊಬೈಲಿನ್ಯಾಗ ಇದನ್ನ ನೋಡಿದೆ. ಹದಿನೈದು ದಿನಕ್ಕೊಂದು ಮಿಡಚಿ ತಿಂತೈತಂತ. ಕೊಡಲಿಲ್ಲಂದ್ರ ಕೇಳೂದಿಲ್ಲ, ಒದರೂದಿಲ್ಲ, ಹಿಂದ ಬರೂದಿಲ್ಲ. ನಾ ಬಂದದ್ದೂ ಅದಕ್ಕ ಗೊತ್ತಾಗೂದಿಲ್ಲ. ಅದರ ಮುಂದ ನಾ ಬರೇ ಕುಂದರಬೌದ್ರಿ."

ಆ ಮಾತು ನನಗೆ ಅರ್ಥವಾಯಿತು. ಅರ್ಥವಾದರೂ ಹೇಸಿಗೆ ಕಡಿಮೆಯಾಗಲಿಲ್ಲ. ಹೊರಗೆ ಬಂದವನು ಅಂಗಡಿಯ ನಲ್ಲಿಯಲ್ಲಿ ಮೊಣಕೈವರೆಗೆ ಸೋಪು ಹಚ್ಚಿ ತೊಳೆದುಕೊಂಡೆ. ನಾನು ಏನನ್ನೂ ಮುಟ್ಟಿರಲಿಲ್ಲ.

ಇದನ್ನು ನನ್ನಲ್ಲೇ ಇಟ್ಟುಕೊಂಡಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಅಸೂಟಿಯ ಕನ್ನಡ ಸಾಲಿಯ ಮಾಸ್ತರರೊಬ್ಬರು ಅಕ್ಕಾರ ಖಾನಾವಳಿಯಲ್ಲಿ ಉಂಡು, ಬಸ್ಸು ಬರುವವರೆಗೆ ನನ್ನ ಅಂಗಡಿಯಲ್ಲಿ ಕೂರುತ್ತಿದ್ದರು. ಒಂದು ದಿನ ಹಲ್ಲಿಗೆ ಕಡ್ಡಿ ಹಾಕಿಕೊಳ್ಳುತ್ತ, "ಏನ್ ಬದನಿಕಾಯಿ ರೀ ಇವತ್ತು! ನೀವ್ಯಾಕ ಬಿಟ್ರಿ ಮಾರಾಯರ?" ಎಂದರು. ಅವರ ತೃಪ್ತ ಮುಖ ನೋಡಿ ತಡೆಯಲಾಗಲಿಲ್ಲ. ಹೇಳಿಬಿಟ್ಟೆ. ಇದ್ದದ್ದೆಲ್ಲ ಹೇಳಿದ್ದರೆ ಬೇರೆ ಮಾತು. ಬೇರೆ ಕೋಣೆ, ಬೇರೆ ಸೀರೆ, ಸ್ನಾನ, ಚಿಮಟಿಗೆ, ಇವನ್ನು ನಾನು ಹೇಳಲಿಲ್ಲ. ಕೂದಲು ಹೇಳಿದೆ, ಹಳದಿ ರಸ ಹೇಳಿದೆ, ಹಿಟ್ಟಿನ ಕೈ ಹೇಳಿದೆ. ಮಾಸ್ತರರು ಎದ್ದು ಹೋಗಿ ಗಟಾರದಲ್ಲಿ ಉಗುಳಿ ಬಂದರು. ಉಗುಳಿದ್ದು ನೋಡಿ ನನಗೆ ಒಂಥರ ಹಗುರಾಯಿತು. ಇಂದಿಗೂ ನನಗೆ ಎಲ್ಲಕ್ಕಿಂತ ಅಸಹ್ಯವೆನಿಸುವುದು ಆ ಹಗುರವೇ.

ನಾಲ್ಕೇ ದಿನ. ಸುದ್ದಿ ಬಸ್ ನಿಲ್ದಾಣದಿಂದ ಹೊರಟು ತಿರುಗಿ ಬರುವಷ್ಟರಲ್ಲಿ ಜೇಡಗಳು ಹಿಟ್ಟಿನ ಡಬ್ಬಿಯಲ್ಲೇ ಮರಿ ಹಾಕಿದ್ದವು. ಒಬ್ಬರಿಗೆ ಸಾರಿನಲ್ಲಿ ಕಾಲು ಸಿಕ್ಕಿತ್ತು. ಮೂವತ್ತು ಜನ ಉಣ್ಣುತ್ತಿದ್ದಲ್ಲಿ ಆರು, ಆಮೇಲೆ ಇಬ್ಬರು. ಕೆಲಸದ ಇಬ್ಬರು ಹೆಣ್ಣುಮಕ್ಕಳನ್ನು ಅಕ್ಕಾರು ಮನೆಗೆ ಕಳಿಸಬೇಕಾಯಿತು. ಅವರಲ್ಲೊಬ್ಬಳು ನನ್ನ ಅಂಗಡಿಯ ಮುಂದೆ ಹಾಯುವಾಗ, "ಯಾರು ಹಬ್ಬಿಸ್ಯಾರೋ, ಅವರ ಬಾಯಾಗ ಹುಳಾ ಬೀಳಲಿ" ಎಂದು ಗಾಳಿಗೆ ಬೈದುಕೊಂಡು ಹೋದಳು. ನಾನು ರಸೀದಿ ಪುಸ್ತಕದ ಮೇಲೆ ತಲೆ ಬಗ್ಗಿಸಿದೆ.

ಯಾರೋ ದೂರು ಬರೆದರು. ಪುರಸಭೆಯಿಂದ ಇಬ್ಬರು ಬಂದು ಅಡುಗೆಮನೆ ನೋಡಿದರು. ಇಷ್ಟು ಸ್ವಚ್ಛ ಖಾನಾವಳಿ ತಾವು ನೋಡಿಲ್ಲವೆಂದು ಎಲ್ಲರ ಮುಂದೆಯೇ ಹೇಳಿದರು. ಹಿಂದಿನ ಕೋಣೆ ನೋಡಿ, "ಅಕ್ಕಾರ, ಇವು ಪರದೇಶದ ಪ್ರಾಣಿ. ಸಾಕಾಕ ಕಾಗದಪತ್ರ ಇರತಾವು. ಅದಾವೇನ್ರಿ?" ಎಂದು ಕೇಳಿದರು. ಅಕ್ಕಾರಿಗೆ ಅದು ಗೊತ್ತಿರಲಿಲ್ಲ. ಮಾರಿದವನಿಗೆ ಫೋನು ಹಚ್ಚಿದರು. ಮೊದಲ ಸಲ, "ಏನೂ ಆಗಲ್ಲ ಮೇಡಂ" ಎಂದ. ಎರಡನೆಯ ಸಲ ಎತ್ತಲಿಲ್ಲ. ಆಮೇಲೆ ಅವನ ನಂಬರಿಗೆ ಇವರ ಫೋನು ಹೋಗಲೇ ಇಲ್ಲ.

ಅಂದು ಸಂಜೆ ಅಕ್ಕಾರು ಅಂಗಡಿಗೆ ಬಂದು ನಿಂತರು.

"ನಾಳಿಗೆ ಗದಗಿಗೆ ಹೋಗಿ ಅರಣ್ಯ ಇಲಾಖೆಯವರ ಕೈಯಾಗ ಕೊಟ್ಟು ಬರತೀನಿ. ಐದು ಡಬ್ಬಿ ಒಬ್ಬಾಕಿಗೆ ಹಿಡಿಯಾಕ ಆಗೂದಿಲ್ಲ. ಬರತೀರೇನ್ರಿ?"

"ಯಾರಿಗೂ ಹೇಳದ ಎಲ್ಲರೆ ಹೊಲದಾಗ ಬಿಟ್ರ ಆತಲ್ರಿ?"

"ಇಲ್ಲೀ ಹುಳ ಅಲ್ರಿ ಅವು. ನಾಕ ದಿನದಾಗ ಸಾಯತಾವು. ಡಬ್ಬಿ ಮ್ಯಾಲ ಸುಳ್ಳು ಬರದದ್ದು ಮೊದಲನೇ ದಿನಾನ ನೋಡೇನಿ. ನೋಡಿ ಸುಮ್ಮಿದ್ದೆ. ಅದರಾಗ ನಂದೂ ತಪ್ಪೈತಿ. ಹೋಗಿ ಒಪ್ಪಕೋತೀನಿ."

ಹೋದೆ. ಅರಿವೆ ಸುತ್ತಿದ ಡಬ್ಬಿಗಳು ನನ್ನ ತೊಡೆಯ ಮೇಲೆ ಎರಡು, ಅವರ ತೊಡೆಯ ಮೇಲೆ ಮೂರು. ರೋಣದಿಂದ ಗದಗಿನವರೆಗೆ ಬಸ್ಸು ತಗ್ಗಿಗಿಳಿದಾಗಲೆಲ್ಲ ಅರಿವೆಯ ಒಳಗೆ, ಪ್ಲಾಸ್ಟಿಕ್ಕಿನ ಆಚೆ, ಏನೋ ಕಾಲು ಸರಿಸಿಕೊಳ್ಳುವುದು ತೊಡೆಗೆ ತಿಳಿಯುತ್ತಿತ್ತು. ಕಚೇರಿಯಲ್ಲಿ ಅವರ ಹೇಳಿಕೆ ಬರೆದುಕೊಂಡರು. ಮಾರಿದವನ ವಿವರ ಕೇಳಿದರು. ಹುಳಗಳನ್ನು ಪ್ರಾಣಿ ಸಂಗ್ರಹಾಲಯಕ್ಕೆ ಕಳಿಸುತ್ತೇವೆಂದರು. ಡಬ್ಬಿ ತೆಗೆದುಕೊಳ್ಳಲು ಬಂದ ನೌಕರ ತುದಿಬೆರಳಿನಲ್ಲಿ ಹಿಡಿಯಲು ಹೋಗಿ ಕೈ ಹಿಂದೆಗೆದ.

"ಅಂಜಬ್ಯಾಡ್ರಿ ಸರ" ಎಂದರು ಅಕ್ಕಾರು. "ತಳಾ ಹಿಡೀರಿ. ಬಿಸಲಿಗೆ ಇಡಬ್ಯಾಡ್ರಿ. ಮುಚ್ಚಳದಾಗ ನೀರು ಆರಗೊಡಬ್ಯಾಡ್ರಿ. ಈ ಬಿಳೇ ಚೀಟಿ ಹಚ್ಚಿದ್ದು ಮೊನ್ನೆ ಪೊರಿ ಬಿಟ್ಟೈತಿ. ಅದಕ್ಕ ಇನ್ನೂ ಎಂಟು ದಿನ ತಿನ್ನಾಕ ಹಾಕಬ್ಯಾಡ್ರಿ. ಹಲ್ಲು ಮೆತ್ತಗಿರತಾವು."

ಅವನು ತಲೆಯಾಡಿಸಿದ. ಐದೂ ಡಬ್ಬಿ ಒಳಗೆ ಹೋದವು. ಅಕ್ಕಾರು ಬಾಗಿಲ ಕಡೆ ಸ್ವಲ್ಪ ಹೊತ್ತು ನೋಡಿ, ಸೆರಗು ಹೊದ್ದುಕೊಂಡು ನಡೆದರು.

ತಿರುಗಿ ಬರುವಾಗ ಬಸ್ಸಿನಲ್ಲಿ ಅವರು ಕಿಟಕಿಯ ಹೊರಗೆ ನೋಡುತ್ತಲೇ ಹೇಳಿದರು: "ಮಾಸ್ತರಿಗೆ ಹೇಳಿದವರು ನೀವ ಅಂತ ನನಗ ಗೊತ್ತೈತ್ರಿ."

ನನ್ನ ಕಿವಿ ಬಿಸಿಯಾದವು.

"ಆ ಕೋಣ್ಯಾಗ ನೀವೊಬ್ಬರ ಬಂದೀರಿ. ಬ್ಯಾರೆ ಯಾರ್ ಹೇಳಬೇಕ್ರಿ? ಹುಳಾ ಕಂಡು ಹೇಸಿದ್ದು ತಪ್ಪಲ್ಲ. ಹೇಸಬೌದು. ಜಳಕಾ ಮಾಡೂದು, ಸೀರಿ ಬದಲ ಮಾಡೂದು ಎಲ್ಲಾ ತೋರಿಸಿದ್ದೆ. ಅದನ್ನ ಯಾಕ ಹೇಳಲಿಲ್ರಿ?"

ತಪ್ಪಾಯಿತು ಎಂದೆ. ಅವರು ಸರಿ ಎನ್ನಲಿಲ್ಲ, ಬೇಡ ಎನ್ನಲಿಲ್ಲ.

ಮರುದಿನ ನಾನು ಮಾಸ್ತರರನ್ನು ಹುಡುಕಿಕೊಂಡು ಹೋಗಿ ಇದ್ದದ್ದು ಇದ್ದಂತೆ ಹೇಳಿದೆ. ಬಸ್ ನಿಲ್ದಾಣದ ಚಹಾ ಅಂಗಡಿಯಲ್ಲಿ, ಕಟಿಂಗ್ ಅಂಗಡಿಯಲ್ಲಿ, ಕೇಳಿದವರಿಗೂ ಕೇಳದವರಿಗೂ ಹೇಳಿದೆ. ಹೇಸಿಗೆ ಹಬ್ಬಿದ ವೇಗಕ್ಕೂ ನಿಜ ಹಬ್ಬುವ ವೇಗಕ್ಕೂ ಹೋಲಿಕೆಯೇ ಇಲ್ಲವೆಂದು ಆಗ ತಿಳಿಯಿತು. ಆದರೂ ಹಸಿದವರು ಎಷ್ಟು ದಿನ ದೂರವಿರುತ್ತಾರೆ? ಒಬ್ಬೊಬ್ಬರಾಗಿ ತಿರುಗಿ ಬಂದರು. ಮಾಸ್ತರರು ಎಲ್ಲರಿಗಿಂತ ಮೊದಲು ಬಂದು, ಏನೂ ಆಗಿಲ್ಲವೆಂಬಂತೆ ಎಣಗಾಯಿ ಕೇಳಿದರು. ಅಕ್ಕಾರು ಬಡಿಸಿದರು. ಕೆಲಸದ ಹೆಣ್ಣುಮಕ್ಕಳೂ ಬಂದರು. ಎರಡು ತಿಂಗಳಲ್ಲಿ ಮತ್ತೆ ಹೊರಗೆ ಚಪ್ಪಲಿ ಬಿಡಲು ಜಾಗವಿಲ್ಲದಂತಾಯಿತು.

ನಾನು ಮಾತ್ರ ಹೋಗಿರಲಿಲ್ಲ. ಎಲ್ಲರೂ ಉಣ್ಣುವಾಗ ನಾನೊಬ್ಬ ಎದುರಿಗೆ ಬುತ್ತಿ ಬಿಚ್ಚುವುದು ನನಗೇ ನಾಚಿಕೆ ತಂದಿತು. ಒಂದು ದಿನ ಗಟ್ಟಿ ಮನಸ್ಸು ಮಾಡಿ ಹೋಗಿ, ಕೈ ತೊಳೆದು, ಮಣೆಯ ಮೇಲೆ ಕೂತೆ. ಅಕ್ಕಾರು ನನ್ನ ತಾಟು ನೋಡಿ, ಕೇಳದೆಯೇ ಎರಡು ರೊಟ್ಟಿ, ಪುಂಡಿಪಲ್ಲೆ ಹಾಕಿದರು. ಮೂರನೆಯದು ಹಂಚಿನ ಮೇಲಿತ್ತು.

ಒಂದು ತುತ್ತು ಮುರಿದು ಬಾಯಿಗಿಟ್ಟೆ. ಒಲೆಯ ಹತ್ತಿರ ಅವರ ಅಂಗೈ ಹಿಟ್ಟಿನ ಮೇಲೆ ಬಿತ್ತು, ಎದ್ದಿತು, ಬಿತ್ತು. ಹುಳ ಇಲ್ಲ, ಕೋಣೆ ಖಾಲಿ, ಎಲ್ಲವೂ ಗೊತ್ತು. ತುತ್ತು ಗಂಟಲಲ್ಲಿ ಇಳಿಯಲಿಲ್ಲ. ನೀರು ಕುಡಿದೆ. ಇನ್ನೊಂದು ತುತ್ತು ಮುರಿದೆ, ಎತ್ತಲಾಗಲಿಲ್ಲ.

ಅಕ್ಕಾರು ಬಂದು ಎದುರಿಗೆ ನಿಂತರು. ಅಂದು ಅವರು ನೋಡಿದ್ದು ನನ್ನ ಮುಖವನ್ನು.

"ಇನ್ನೂ ಅಸಹ್ಯ ಆಗತೈತೇನ್ರಿ?"

ಸುತ್ತ ಉಣ್ಣುತ್ತಿದ್ದವರೆಲ್ಲ ಕೈ ನಿಲ್ಲಿಸಿದರು. ಇಲ್ಲ ಎನ್ನಬಹುದಿತ್ತು.

"ಹೌದ್ರಿ" ಎಂದೆ.

"ಹಂಗಂದ್ರ ಏಳ್ರಿ. ಹೇಸಕೊಂಡು ಉಣ್ಣಾವರಿಗೆ ನಾ ರೊಟ್ಟಿ ಬಡಿಯೂದಿಲ್ಲ."

ಸಿಟ್ಟಿನಿಂದ ಹೇಳಿದ ಮಾತಲ್ಲ. ಬಗ್ಗಿ ತಾಟನ್ನು ತಾವೇ ಎತ್ತಿಕೊಂಡರು. ಕೆಲಸದವಳು ಕೈ ಚಾಚಿದರೂ ಕೊಡಲಿಲ್ಲ. ನಾನು ನಲ್ಲಿಯಲ್ಲಿ ಕೈ ತೊಳೆಯುತ್ತಿದ್ದಾಗ ಅವರು ಪಕ್ಕದ ಕಲ್ಲಿನ ಮೇಲೆ ಆ ತಾಟಿಗೆ ಬೂದಿ ಹಾಕಿ ತಿಕ್ಕಿದರು. ತೊಳೆದರು. ಮೂಗಿನ ಹತ್ತಿರ ಹಿಡಿದು ನೋಡಿದರು. ಮತ್ತೆ ಬೂದಿ ಹಾಕಿ ತಿಕ್ಕಿ ತೊಳೆದರು. ಆಮೇಲೆ ಸೋಪು ಹಚ್ಚಿ ಮೂರನೆಯ ಸಲ ತೊಳೆದರು. ನನ್ನ ಕಡೆ ನೋಡಲಿಲ್ಲ. ಉಳಿದ ತಾಟುಗಳ ಸಾಲಿಗೆ ಅದನ್ನು ಸೇರಿಸದೆ, ದೂರದ ಗೋಡೆಯ ಮೇಲೆ, ಬಿಸಿಲಿಗೆ ಬೋರಲು ಹಾಕಿ ಒಳಗೆ ಹೋದರು.